ಆಟಿಯಲ್ಲಿ ಮನೆ ನೋಡುತ್ತಿದ್ದವರು

ಅವರು ತೀರಿಕೊಂಡು ಇಂದಿಗೆ ನಲವತ್ತೊಂದು ದಿನ. ಪಂಪ್‌ವೆಲ್‌ನ ಆಫೀಸಿನ ಬೋರ್ಡು ಇನ್ನೂ ಇಳಿಸಿಲ್ಲ. ಅದರಲ್ಲಿ ಅವರ ಹೆಸರಿನ ಕೆಳಗೆ 'ಕಟ್ಟಡ ಮೌಲ್ಯಮಾಪಕರು' ಎಂದು ಉಂಟು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ವರ್ಷ ನಾನು ಅವರನ್ನು ಸರ್ ಎಂದೇ ಕರೆದವಳು. ನನ್ನ ಡೈರಿಗಳಲ್ಲಿಯೂ ಅವರು ಬರೀ ಸರ್.

ಕಳೆದ ವಾರ ನಾಲ್ಕು ಡೈರಿಗಳನ್ನೂ ತೆಗೆದು, ಅವರ ಮಾತು ಬಂದ ಪುಟಗಳಿಗೆಲ್ಲ ಕಾಗದದ ಚೂರು ಇಟ್ಟೆ. ಇನ್ನೂರ ಹದಿನಾರು ಪುಟಗಳಾದವು. ಅವರ ಜೀವನಚರಿತ್ರೆ ಬರೆಯುವಷ್ಟು ನನಗೆ ಗೊತ್ತಿಲ್ಲ. ಆ ಚೂರುಗಳಿದ್ದ ಕಡೆ ಏನು ಉಂಟೋ ಅಷ್ಟೇ ನನ್ನ ಹತ್ತಿರ ಇರುವುದು.

ಮೊದಲ ಚೂರು ಸಂದರ್ಶನದ ದಿನದ್ದು. ಸಿವಿಲ್ ಡಿಪ್ಲೊಮಾ ಮುಗಿಸಿದ ನಾನು ಅಂಕಪಟ್ಟಿ ಹಿಡಿದುಕೊಂಡು ಕೂತಿದ್ದೆ. ಅವರು ಅದನ್ನು ಮುಟ್ಟಲಿಲ್ಲ.

"ಹೋದ ಮಳೆಗಾಲ ನಿಮ್ಮ ಮನೆ ಅಂಗಳದಲ್ಲಿ ಎಷ್ಟು ದಿನ ನೀರು ನಿಂತಿತ್ತು?"

"ನಾಲ್ಕು ದಿನ ಸರ್. ಮೂರನೇ ದಿನ ಮೆಟ್ಟಿಲಿನವರೆಗೆ ಬಂದಿತ್ತು."

"ಅಂದಾಜಿಗೆ ಹೇಳ್ತೀಯೋ?"

"ಬರೆದಿಟ್ಟಿದ್ದೇನೆ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬರೆದಿಡುವವರು ಸಿಗುವುದಿಲ್ಲ ಮಾರಾಯ್ತಿ. ನಾಳೆ ಬಾ," ಎಂದರು.

ಅವರದ್ದು ಕುಳ್ಳ ದೇಹ, ಕಡಲಿನವರ ಅಗಲ ಭುಜ. ಉಳ್ಳಾಲದ ಮೀನುಗಾರರ ಮನೆಯಿಂದ ಇಂಜಿನಿಯರಿಂಗ್ ಓದಿದ ಮೊದಲಿಗರು. ಕೈಯಲ್ಲಿ ಸದಾ ಒಂದು ಉದ್ದ ಹಿಡಿಯ ಕೊಡೆ. ಅದರ ಕೋಲಿಗೆ ಅರ್ಧ ಅಡಿಗೊಂದು ಬಿಳಿ ಬಣ್ಣದ ಗೆರೆ ಎಳೆದಿದ್ದರು. ಬಿಸಿಲಿಗೂ ಮಳೆಗೂ ಅವರು ಅದನ್ನು ಬಿಡಿಸಿದ್ದು ನಾನು ಕಂಡದ್ದು ಕಡಿಮೆ. ನೀರು ಹರಿಯುವ ತೋಡಿಗೆ, ಗುಂಡಿಗೆ, ಅಂಗಳದ ನೀರಿಗೆ ಇಳಿಸಿ ಎಷ್ಟು ಗೆರೆ ಮುಳುಗಿತು ಎಂದು ನೋಡುವುದಕ್ಕೇ ಅದು ಇದ್ದದ್ದು. ತಲೆಗೆ ಒಂದು ಪ್ಲಾಸ್ಟಿಕ್ ಚೀಲ ಸಾಕಿತ್ತು.

ಮನೆ ನೋಡಲು ಹೋದಲ್ಲಿ ಕೂರುತ್ತಿರಲಿಲ್ಲ. ಮನೆಯವರು ಜ್ಯೂಸ್ ತಂದರೆ, "ಬಾವಿ ನೀರು ಕೊಡಿ," ಎನ್ನುತ್ತಿದ್ದರು. ಅದನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗುತ್ತಿದ್ದರು. ಗೋಡೆಗೆ ಬೆರಳ ಗಂಟಿನಿಂದ ಮೂರು ಸಲ ಕುಟ್ಟಿ ಕಿವಿ ಇಡುತ್ತಿದ್ದರು. ಹೊರಡುವಾಗ ಆ ಮನೆಗೆ ಮೀನು ತರುವ ಹೆಂಗಸು ಯಾರು ಎಂದು ಕೇಳಿ ಅವಳನ್ನು ಹುಡುಕಿ ಹೋಗುತ್ತಿದ್ದರು. "ಹನ್ನೆರಡು ತಿಂಗಳೂ ಆ ಮನೆಯ ಹಿಂದಿನ ಬಾಗಿಲಿಗೆ ಹೋಗುವವಳು ಅವಳೊಬ್ಬಳೇ. ಬ್ರೋಕರ್ ಎದುರಿನ ಬಾಗಿಲು ಮಾತ್ರ ನೋಡಿರ್ತಾನೆ."

ಆಟಿ ತಿಂಗಳಿಗೆ ನಮ್ಮ ಕಡೆ ಶುಭಕಾರ್ಯ ಇಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮಳೆ ಒಂದೇ ಸಮನೆ ಹೊಡೆಯುವ ಕಾಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಜಾಗಕ್ಕೆ ಮುಂಗಡ ಕೊಡುವುದು ಬಿಡಿ, ಮನೆ ನೋಡಲು ಕೂಡ ಯಾರೂ ಹೊರಡುವುದಿಲ್ಲ. ಬ್ರೋಕರುಗಳೆಲ್ಲ ಮನೆಯಲ್ಲಿ ಮಲಗಿರುತ್ತಾರೆ. ಆಟಿ ಕಳೆದು ಸೋಣ ತಿಂಗಳು ಬಂದ ಮೇಲೆ ಎಲ್ಲ ಶುರು.

ಸರ್ ಅವರ ಕೆಲಸ ಆಟಿಯಲ್ಲೇ. ಮಾರಾಟಕ್ಕೆ ಬರಬಹುದು ಎಂದು ಕಿವಿಗೆ ಬಿದ್ದ ಮನೆಗಳನ್ನೆಲ್ಲ ಆ ಮೂವತ್ತು ದಿನಗಳಲ್ಲಿ ಸುತ್ತಿ ಬರುತ್ತಿದ್ದರು. ಯಾರೂ ಹೇಳಿದ್ದಲ್ಲ, ಯಾರೂ ಫೀಸು ಕೊಡುತ್ತಿರಲಿಲ್ಲ. ಮೊದಲ ವರ್ಷ ಹನ್ನೊಂದು ದಿನ ನಾನೂ ಹೋದೆ. ಮೂರು ಸಲ ಜ್ವರ ಬಂತು.

"ಆಟಿಯಲ್ಲಿ ಯಾಕೆ ಸರ್?"

"ಹೆಣ್ಣು ನೋಡ್ಲಿಕ್ಕೆ ಬರ್ತಾರೆ ಅಂತ ಗೊತ್ತಿದ್ರೆ ಎಲ್ಲ ಹುಡುಗಿಯರೂ ಮೆಲ್ಲ ಮಾತಾಡ್ತಾರೆ. ನೀನೂ ಹಾಗೇ ಅಲ್ವಾ?"

"ನಾನಿಲ್ಲ ಸರ್."

"ಹಾಗಾದ್ರೆ ನಿನಗೆ ಮದುವೆ ಆಗ್ಲಿಕ್ಕೆ ಕಷ್ಟ ಉಂಟು," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ಮಳೆಯಲ್ಲೇ ನಿಂತು, ಅವರ ತಂದೆಯ ವಿಷಯ ಹೇಳಿದರು. ತಂದೆ ಹೊಸ ಮನೆ ಕಟ್ಟುವ ಮೊದಲು ಕಡಲಿನಿಂದ ಹೆಜ್ಜೆ ಎಣಿಸಿದ್ದರಂತೆ. ನೂರ ಹತ್ತು ಹೆಜ್ಜೆ. ಸಾಕು ಎಂದು ಅಡಿಪಾಯ ಹಾಕಿದರು. "ಎಣಿಸಿದ್ದು ಬೇಸಗೆಯಲ್ಲಿ. ಹೆಜ್ಜೆ ಲೆಕ್ಕ ತಪ್ಪಲಿಲ್ಲ ಮಾರಾಯ್ತಿ, ನೂರ ಹತ್ತು ಸರಿಯಾಗಿಯೇ ಇತ್ತು. ಐದನೇ ಆಟಿಯಲ್ಲಿ ನಾನೂ ತಮ್ಮನೂ ಶಾಲೆಯಿಂದ ಬರುವಾಗ ಅಡುಗೆಮನೆ ಇರಲಿಲ್ಲ."

ಅವರ ಆಟಿ ಪುಸ್ತಕ ಕಪ್ಪು ರಟ್ಟಿನದ್ದು. ಅದರಲ್ಲಿ ಪ್ರತಿ ಮನೆಗೆ ಒಂದು ಸಾಲು: ಮನೆ ಎಲ್ಲಿ, ಯಾವ ದಿನ ನೋಡಿದ್ದು, ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಗೋಡೆ ಏನು ಹೇಳಿತು. ನಾನು ಗೆರೆ ಹಾಕಿ ಚೆಂದ ಮಾಡಿಕೊಡುತ್ತೇನೆ ಎಂದು ಬೆಲೆಗೂ ಒಂದು ಕಾಲಂ ಎಳೆದೆ. ಅವರು ಅದನ್ನು ಅಳಿಸಿದರು.

"ಬೆಲೆ ಬರೆದರೆ ಜನ ಅದೊಂದನ್ನೇ ಓದುವುದು."

ಆ ಕಾಲಂ ನಾನು ನನ್ನ ಪುಸ್ತಕದಲ್ಲಿ ಹಾಕಿಕೊಂಡೆ. ಆಗಲೇ ಮನೆಯ ಬೆಲೆ ತೋರಿಸುವ ಆ್ಯಪ್ ಎಲ್ಲರ ಫೋನಿನಲ್ಲಿ ಬಂದಿತ್ತು. ಏರಿಯಾ, ಸೆಂಟ್ಸು, ಚದರಡಿ, ಎಷ್ಟು ವರ್ಷ ಹಳೆಯದು ಎಂದು ಒತ್ತಿದರೆ ಸಾಕು, ಹಸಿರು ಅಕ್ಷರದಲ್ಲಿ ಇಷ್ಟು ಲಕ್ಷ ಎಂದು ಬರುತ್ತದೆ. ಅದು ಎಷ್ಟು ಸರಿ ಎಂದು ನೋಡುವ ಆಸೆ ನನಗೆ. ಪ್ರತಿ ಮನೆಗೂ ಮೂರು ಅಂಕಿ ಬರೆದೆ: ಫೋನಿನದ್ದು, ಸಾಲ ಕೊಡುವ ಬ್ಯಾಂಕಿಗೆ ಸರ್ ರಿಪೋರ್ಟಿನಲ್ಲಿ ಬರೆದದ್ದು, ಕೊನೆಗೆ ಮನೆ ಹೋದ ಬೆಲೆ. ಮೊದಲ ವರ್ಷ ನಲವತ್ಮೂರು ಮನೆ. ಫೋನಿಗೂ ಸರ್‌ಗೂ ತಾಳೆಯೇ ಇಲ್ಲ. ಒಂದು ಮನೆಗಂತೂ ಹದಿನೆಂಟು ಲಕ್ಷದ ವ್ಯತ್ಯಾಸ. ಅದರ ಹಿಂದಿನ ತೋಡು ಆಟಿಯಲ್ಲಿ ದಾರಿ ಬದಲಿಸಿ ಆ ಮನೆಯ ಹಿತ್ತಿಲಿನಲ್ಲೇ ಹರಿಯುತ್ತದೆ ಎಂದು ಸರ್ ಪುಸ್ತಕದಲ್ಲಿತ್ತು, ಫೋನಿನಲ್ಲಿ ಇರಲಿಲ್ಲ.

"ಅದಕ್ಕೆ ಗೊತ್ತಿರುವುದು ಎಂತ?" ಎಂದು ಸರ್ ಬೆರಳು ಮಡಚುತ್ತಾ ಹೇಳುತ್ತಿದ್ದರು. "ಮಾರುವವ ಆಸೆಯಲ್ಲಿ ಹಾಕಿದ ಬೆಲೆ. ರಿಜಿಸ್ಟ್ರಿಯಲ್ಲಿ ತೆರಿಗೆಯ ಭಯದಲ್ಲಿ ಬರೆದ ಬೆಲೆ. ಪಕ್ಕದ ಮನೆ ಹೋದ ಬೆಲೆ. ಮೂರನ್ನೂ ಕಲಸಿ ಕೊಡ್ತದೆ. ಮೋಸ ಅಂತ ನಾನು ಹೇಳುವುದಿಲ್ಲ. ಪೇಟೆಯ ಗಾಳಿ ಯಾವ ಕಡೆ ಅಂತ ಅದು ಹೇಳ್ತದೆ. ಮನೆ ಹೇಗುಂಟು ಅಂತ ಹೇಳುವುದಿಲ್ಲ."

ಎರಡನೇ ವರ್ಷ ವ್ಯತ್ಯಾಸ ಅರ್ಧಕ್ಕೆ ಇಳಿಯಿತು. ಮೂರನೇ ವರ್ಷ ಇನ್ನೂ ಕಡಿಮೆ. ನಾಲ್ಕನೇ ವರ್ಷದ ಮೊದಲ ಇಪ್ಪತ್ತಾರು ಮನೆಗಳಲ್ಲಿ ಮೂರೂ ಅಂಕಿ ಹೆಚ್ಚುಕಡಿಮೆ ಒಂದೇ. ಒಂದು ಲಕ್ಷ ಆಚೆ, ಒಂದು ಲಕ್ಷ ಈಚೆ. ಆ್ಯಪ್ ಕಲಿಯುತ್ತಾ ಬಂತು ಎಂದು ನಾನು ಡೈರಿಯಲ್ಲಿ ಬರೆದೆ. ಆ ಸಾಲಿನ ಕೆಳಗೆ ಗೆರೆಯನ್ನೂ ಎಳೆದಿದ್ದೇನೆ.

ಈ ವರ್ಷದ ಜನವರಿಯಲ್ಲಿ ನನ್ನ ಅಕ್ಕನಿಗೆ ವಾಮಂಜೂರಿನಲ್ಲಿ ಒಂದು ಹೊಸ ಮನೆ ಸಿಕ್ಕಿತು. ಭಾವ ದುಬೈಯಲ್ಲಿ. ಹನ್ನೊಂದು ವರ್ಷದ ಬಾಡಿಗೆ ಮನೆಯ ನಂತರ ಸ್ವಂತದ್ದು. ಎದುರಿಗೆ ಇನ್ನೂ ಉಳಿದ ಎರಡು ಗದ್ದೆ, ಹಿಂದೆ ಗುಡ್ಡೆ ಕಡಿದು ಸಮ ಮಾಡಿದ ಜಾಗ, ಗುಡ್ಡೆಗೆ ಆತುಕೊಂಡು ಹತ್ತಡಿ ಎತ್ತರದ ತಡೆಗೋಡೆ. ಗೋಡೆಗೆ ಗಾರೆ ಮಾಡಿ ಕೆನೆ ಬಣ್ಣ ಹೊಡೆದಿದ್ದರು. ಭಾವ ಅಲ್ಲಿಂದಲೇ ದಿನಕ್ಕೆರಡು ಸಲ ಆ್ಯಪ್ ನೋಡಿ ಅದರ ಚಿತ್ರ ಕಳಿಸುತ್ತಿದ್ದ. ಎಪ್ಪತ್ತೆರಡು ಲಕ್ಷ. ಬ್ಯಾಂಕು ರಿಪೋರ್ಟಿಗೆ ನಮ್ಮ ಆಫೀಸಿಗೇ ಕಳಿಸಿತು. ನಾನು ಅಕ್ಕನ ಮನೆಯೆಂದು ಸರ್‌ಗೆ ಹೇಳಲಿಲ್ಲ. ಹೇಳಿದರೆ ಸಂಬಂಧಿಕರದ್ದೆಂದು ಅವರು ಬೇರೆಯವರಿಗೆ ಬಿಡುತ್ತಿದ್ದರು. ಮಾರ್ಚಿನ ಒಂದು ಬುಧವಾರ ಹೋಗಿ ನೋಡಿ ಬಂದರು. ಎಪ್ಪತ್ತೊಂದು ಲಕ್ಷ ಎಂದು ಬರೆದರು.

ಅಕ್ಕ ಫೋನು ಮಾಡಿದಳು. "ನನಗೆ ಆ ಚದರಡಿ ಎಲ್ಲ ಬೇಡ. ನೀನು ಈ ಕೆಲಸದಲ್ಲಿ ಇರುವವಳು. ಸರಿ ಉಂಟಾ ಇಲ್ವಾ, ಒಂದು ಹೇಳು."

ನಾನು ನನ್ನ ಪಟ್ಟಿಯನ್ನು ಎದುರಿಗೆ ಇಟ್ಟುಕೊಂಡಿದ್ದೆ. ಸರಿ ಉಂಟು ಎಂದೆ.

ಏಪ್ರಿಲ್ ಕೊನೆಗೆ ಗೃಹಪ್ರವೇಶ ಆಯಿತು. ಮೇ ಎರಡನೇ ವಾರ, ಆಫೀಸಿನಲ್ಲಿ ಕೆಲಸ ಕಡಿಮೆ ಇದ್ದ ಒಂದು ಮಧ್ಯಾಹ್ನ, ನಾಲ್ಕು ವರ್ಷದ ಪಟ್ಟಿಯನ್ನು ನೀಟಾಗಿ ನಕಲು ಮಾಡಿ ಸರ್ ಮೇಜಿನ ಮೇಲೆ ಇಟ್ಟೆ. ಹೊಗಳುತ್ತಾರೆ ಎಂದು ನಂಬಿದ್ದೆ.

ಅವರು ಬಹಳ ಹೊತ್ತು ನೋಡಿದರು.

"ಫೋನು ಕಲಿತಿದೆ ಅಂತ ಬರೆದಿದ್ದಿ."

"ಹೌದು ಸರ್. ನೀವು ಬರೆಯುವುದಕ್ಕೂ ಅದಕ್ಕೂ ಈಗ ವ್ಯತ್ಯಾಸವೇ ಇಲ್ಲ."

"ಅದು ಕಲಿತದ್ದಲ್ಲ ಮಾರಾಯ್ತಿ. ನನಗೆ ಸುಸ್ತಾದದ್ದು."

ನನಗೆ ಅರ್ಥವಾಗಲಿಲ್ಲ. ಅವರು ಮೇಜಿನ ಸೆಳೆಖಾನೆಯಿಂದ ತಮ್ಮ ಫೋನು ತೆಗೆದು ನನ್ನ ಕಡೆಗೆ ದೂಡಿದರು. ಅದರಲ್ಲಿ ಅದೇ ಆ್ಯಪ್ ಇತ್ತು.

"ಎರಡು ವರ್ಷ ಆಯ್ತು. ನಾನು ಕಡಿಮೆ ಬರೆದರೆ ಬ್ಯಾಂಕಿನ ಮ್ಯಾನೇಜರ್ ಫೋನ್ ಮಾಡ್ತಾನೆ. 'ಎಂತ ಸರ್, ಗಿರಾಕಿ ಮೊಬೈಲ್ ಹಿಡಿದುಕೊಂಡು ನನ್ನ ಎದುರು ಕೂತಿದ್ದಾರೆ, ನಿಮ್ಮದು ಮಾತ್ರ ಹೀಗೆ ಯಾಕೆ?' ಮಾರುವವನೂ ಅದನ್ನೇ ನೋಡಿ ಹೇಳುವುದು. ತೆಗೆದುಕೊಳ್ಳುವವನೂ ಅದನ್ನೇ ನೋಡಿ ಚೌಕಾಸಿ ಮಾಡುವುದು. ನಾನೊಬ್ಬ ಎಷ್ಟು ಅಂತ ಜಗಳ ಮಾಡುವುದು? ಈಗ ಬರೆಯುವ ಮೊದಲು ನಾನೂ ಒಮ್ಮೆ ತೆರೆದು ನೋಡ್ತೇನೆ. ನಿನ್ನ ಮೂರು ಕಾಲಂ ಉಂಟಲ್ಲ, ಅದು ಮೂರಲ್ಲ. ಒಂದನ್ನೇ ಮೂರು ಸಲ ಬರೆದಿದ್ದಿ."

ಹಾಗೆ ಹೇಳಿ ಪಟ್ಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಈ ವಾಮಂಜೂರಿನದ್ದು. ಇದನ್ನು ನಾನು ಆಟಿಯಲ್ಲಿ ನೋಡಿಲ್ಲ. ಆಗ ಮನೆಯೇ ಇರಲಿಲ್ಲ, ಗುಡ್ಡೆ ಇತ್ತು. ಯಾರು ತೆಗೆದುಕೊಂಡದ್ದು?"

"ನನ್ನ ಅಕ್ಕ, ಸರ್."

ಅವರು ಬೆರಳು ತೆಗೆಯಲಿಲ್ಲ. ಉಗುರಿನ ಸುತ್ತ ಬೆಳ್ಳಗಾಗುವಷ್ಟು ಒತ್ತಿದ್ದರು. ಡೈರಿಯಲ್ಲಿ ಅದನ್ನು ಬರೆದಿದ್ದೇನೆ, ಸಮಯದ ಸಮೇತ: ಮೂರೂ ಹತ್ತು.

ಆ ಭಾನುವಾರ ಅವರೇ ಹೇಳಿ ಅಕ್ಕನ ಮನೆಗೆ ಬಂದರು. ಕೊಡೆಯ ಜೊತೆ ಒಂದು ಸಣ್ಣ ಡಬ್ಬಿ ಇತ್ತು. ಎದುರಿನ ಬಾಗಿಲಿಗೆ ಹೋಗದೆ ನೇರ ಹಿಂದಕ್ಕೆ ನಡೆದರು. ತಡೆಗೋಡೆಯ ಉದ್ದಕ್ಕೂ ಕೈಯಾಡಿಸುತ್ತಾ ಹೋಗಿ ಒಂದು ಕಡೆ ನಿಂತರು. ಕೆನೆ ಬಣ್ಣದ ಮೇಲೆ ಕೂದಲೆಳೆಯಷ್ಟು ಗೆರೆ, ಓರೆಯಾಗಿ ಮೇಲಿಂದ ಕೆಳಗೆ.

"ಮಾರ್ಚಿನಲ್ಲಿ ಇದು ಇತ್ತಾ ಸರ್?"

"ಇದ್ದಿರಬಹುದು. ನಾನು ಗೋಡೆ ಕುಟ್ಟಲಿಲ್ಲ. ಫೋನು ನೋಡಿಯೇ ಬಂದಿದ್ದೆ." ಕೊಡೆಯ ಮೊನೆಯನ್ನು ಗೋಡೆಯ ಬುಡಕ್ಕೆ ಚಾಚಿ, "ತೂತು ಎಲ್ಲಿ ಉಂಟು, ತೋರಿಸು," ಎಂದರು.

ಮಣ್ಣು ತಡೆಯುವ ಗೋಡೆಗೆ ಹಿಂದಿನ ನೀರು ಹೊರಬರಲು ಸಾಲಾಗಿ ತೂತು ಬಿಡಬೇಕು. ಅದು ಡಿಪ್ಲೊಮಾದ ಎರಡನೇ ವರ್ಷದಲ್ಲೇ ಕಲಿಯುವ ಪಾಠ. ನಾನು ಆ ಮನೆಗೆ ಆಗಲೇ ಆರು ಸಲ ಹೋಗಿದ್ದೆ. ಗೋಡೆಯಲ್ಲಿ ಒಂದೂ ತೂತಿರಲಿಲ್ಲ. ಬಣ್ಣದ ಮೇಲೆ ನೀರಿನ ಕಲೆ ಬಾರದಿರಲಿ ಎಂದು ಮುಚ್ಚಿರಬೇಕು, ಅಥವಾ ಬಿಟ್ಟೇ ಇರಲಿಲ್ಲ. ಸರ್ ಗೋಡೆಯ ತುದಿಯಲ್ಲಿ ಕಡಿದ ಗುಡ್ಡೆ ಕಾಣುವಲ್ಲಿಗೆ ಹೋಗಿ ಕೊಡೆಯ ಮೊನೆಯಿಂದ ಕೆರೆದರು. ಮೇಲೆ ಕೆಂಪುಕಲ್ಲು, ಅದರ ಕೆಳಗೆ ಬೆಳ್ಳಗಿನ ಶೇಡಿ ಮಣ್ಣು. ಒಣಗಿದ್ದಾಗ ಸೀಮೆಸುಣ್ಣದ ಹಾಗೆ ಗಟ್ಟಿ. ನೀರು ಕುಡಿದರೆ ಮೊಸರು.

ಡಬ್ಬಿಯಲ್ಲಿ ಲ್ಯಾಬಿನ ತೆಳು ಗಾಜಿನ ಪಟ್ಟಿಗಳಿದ್ದವು. ಬಿರುಕಿಗೆ ಅಡ್ಡವಾಗಿ ಮೇಲೊಂದು, ನಡುವೆ ಒಂದು, ಕೆಳಗೊಂದು ಇಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತಿದರು. ಬಿರುಕು ಒಂದು ಎಳೆ ಅಗಲವಾದರೂ ಗಾಜು ಒಡೆಯುತ್ತದೆ. ಅಕ್ಕ ಸೆರಗಿಗೆ ಕೈ ಒರೆಸುತ್ತಾ ಬಂದಳು.

"ಎಂತ ಸರ್ ಇದು, ದೃಷ್ಟಿ ಆಗದ ಹಾಗೆಯಾ?"

"ಹಾಗೇ ಅಂತ ಇಟ್ಟುಕೊಳ್ಳಿ ಅಮ್ಮ. ಒಡೆದರೆ ಒಂದು ಫೋನ್ ಮಾಡಿ. ಮಗುವನ್ನು ಈ ಕಡೆ ಆಡ್ಲಿಕ್ಕೆ ಬಿಡಬೇಡಿ. ಮತ್ತೆ, ಮಳೆ ಹಿಡಿಯುವ ಮೊದಲು ಈ ಗೋಡೆಗೆ ತೂತು ಹೊಡೆಸಿ."

ಅಕ್ಕ ಅಲ್ಲೇ ನಿಂತು ಭಾವನಿಗೆ ಹೇಳಿದಳು. ಭಾವನ ಸ್ವರ ಫೋನಿನಿಂದ ನಮಗೂ ಕೇಳಿತು. "ಹೊಸ ಗೋಡೆಗೆ ತೂತಾ? ಒಂದು ಮಳೆಗಾಲ ನೋಡುವ ಮಾರಾಯ್ತಿ. ಎಪ್ಪತ್ತನಾಲ್ಕು ಆಗಿದೆ, ನೋಡಿದೆಯಾ?"

ಹಿಂದಿರುಗುವಾಗ ಸರ್ ನನ್ನ ಜೊತೆ ಬಸ್ಸಿನಲ್ಲೇ ಬಂದರು. ಇಳಿಯುವಾಗ, "ಭಾನುವಾರ ಭಾನುವಾರ ನೋಡಿ ನನಗೆ ಹೇಳು," ಎಂದಷ್ಟೇ ಹೇಳಿದರು.

ಐದು ಭಾನುವಾರ ಹೇಳಿದೆ. "ಹೇಗುಂಟು?" "ಮೂರೂ ಸರಿ ಉಂಟು ಸರ್." "ನೀರು?" "ಗೋಡೆ ಒಣಗಿಯೇ ಉಂಟು." ಒಣಗಿಯೇ ಉಂಟು ಎಂದಾಗಲೆಲ್ಲ ಅವರು, "ಎಲ್ಲಿಯೂ ಒದ್ದೆ ಇಲ್ವಾ?" ಎಂದು ಇನ್ನೊಮ್ಮೆ ಕೇಳುತ್ತಿದ್ದರು. ಮಳೆ ಹಿಡಿದು ಎರಡು ವಾರವಾಗಿತ್ತು. ಗುಡ್ಡೆ ಕುಡಿದ ನೀರು ಎಲ್ಲಿಗಾದರೂ ಹೋಗಬೇಕಿತ್ತು.

ಆರನೇ ಭಾನುವಾರದ ಮೊದಲೇ, ಒಂದು ಬುಧವಾರ ಬೆಳಿಗ್ಗೆ ಅವರಿಗೆ ಎದೆನೋವು ಬಂತು. ಆಸ್ಪತ್ರೆ ತಲುಪುವಾಗ ಮುಗಿದಿತ್ತು. ಉಳ್ಳಾಲದ ಅವರ ಮನೆಗೆ ಹೋದೆ. ಅವರ ಹೆಂಡತಿ ಒಳಗಿನಿಂದ ಕೊಡೆಯನ್ನೂ ಕಪ್ಪು ರಟ್ಟಿನ ಪುಸ್ತಕವನ್ನೂ ತಂದು ನನ್ನ ಮಡಿಲಿಗೆ ಹಾಕಿದರು. "ನಿನಗೆ ಕೊಡ್ಲಿಕ್ಕೆ ಹೇಳಿದ್ದರು. ಈ ಸಲ ಆಟಿಯಲ್ಲಿ ಮೊದಲು ವಾಮಂಜೂರಿಗೆ ಹೋಗಬೇಕು ಅಂತ ಹೇಳ್ತಾ ಇದ್ದರು. ಅಲ್ಲಿ ಎಂತ ಉಂಟು ಮಗಾ?"

ನಾನು ಕೊಡೆಯನ್ನೂ ಪುಸ್ತಕವನ್ನೂ ಎತ್ತಿಕೊಂಡು ಎದ್ದೆ.

ಆರು, ಏಳು, ಎಂಟು, ಒಂಬತ್ತನೇ ಭಾನುವಾರ: ಸರಿ, ಸರಿ, ಸರಿ, ಸರಿ. ಹೇಳಲು ಆಚೆ ಯಾರೂ ಇರಲಿಲ್ಲ. ಹತ್ತನೇ ಭಾನುವಾರ ಆಟಿಯ ಹನ್ನೊಂದನೇ ದಿನ. ಕೊಡೆ ಬಿಡಿಸದೆ ಹೋದೆ. ನಡುವಿನ ಗಾಜು ಎರಡು ತುಂಡಾಗಿತ್ತು. ಎರಡು ತುಂಡುಗಳ ನಡುವೆ ಒಂದು ಅಕ್ಕಿಕಾಳು ಹಿಡಿಯುವಷ್ಟು ಜಾಗ. ಕೆಳಗಿನದ್ದರಲ್ಲಿ ಸಣ್ಣ ಸೀಳು. ಗೋಡೆಗೆ ಕುಟ್ಟಿ ಕಿವಿ ಇಟ್ಟೆ. ಟೊಳ್ಳಾಗಿರುತ್ತದೆ ಎಂದುಕೊಂಡಿದ್ದೆ, ತುಂಬಿದ ಕೊಡಪಾನದ ಹಾಗೆ ದಪ್ಪ ಸದ್ದು ಬಂತು. ಗೋಡೆ ಆಗಲೂ ಒಣಗಿಯೇ ಇತ್ತು.

ಪರಿಚಯದ ಮೇಸ್ತ್ರಿಗೆ ಅಲ್ಲಿಂದಲೇ ಫೋನು ಮಾಡಿದೆ. "ಈಗ ತೂತು ಹೊಡೆದರೆ ನೀರು ಮಾತ್ರ ಬರ್ತದಾ, ಗುಡ್ಡೆಯೇ ಬರ್ತದಾ ಯಾರಿಗೆ ಗೊತ್ತು ಮೇಡಂ? ಮಳೆ ಬಿಡಲಿ. ಅಲ್ಲಿವರೆಗೆ ಹಿಂದಿನ ಕೋಣೆಯಲ್ಲಿ ಯಾರೂ ಮಲಗುವುದು ಬೇಡ."

ಅಕ್ಕ ಹೆದರುವವಳಲ್ಲ. "ಒಂದು ಗಾಜು ಒಡೆದದ್ದಕ್ಕೆ ಮನೆ ಬಿಡುವುದಾ? ಅಕ್ಕಪಕ್ಕದವರು ಎಂತ ಹೇಳಿಯಾರು?"

"ಆಟಿ ಕೂರ್ಲಿಕ್ಕೆ ಅಮ್ಮನ ಮನೆಗೆ ಹೋದೆ ಅಂತ ಹೇಳು."

ಮದುವೆಯಾದ ಹೊಸತರಲ್ಲಿ ಹೆಣ್ಣುಮಕ್ಕಳನ್ನು ಆಟಿಗೆ ತವರಿಗೆ ಕರೆಸುವುದು ನಮ್ಮಲ್ಲಿ ಕ್ರಮ. ಅಕ್ಕ ಬಿದ್ದು ಬಿದ್ದು ನಕ್ಕಳು. "ಹನ್ನೊಂದು ವರ್ಷ ಆಯ್ತು, ಈಗ ನಾನು ಮದುಮಗಳಾ? ಮಗಳು ಮೂರನೇ ಕ್ಲಾಸು!" ನಗುತ್ತಲೇ ಒಡೆದ ಗಾಜಿನ ಕಡೆ ನೋಡಿದಳು. ಸಂಜೆಯ ಮೊದಲು ಎರಡು ಚೀಲ ಕಟ್ಟಿ ಮಗಳ ಕೈ ಹಿಡಿದು ನನ್ನ ಜೊತೆ ಹೊರಟಳು. ರಿಕ್ಷಾದಲ್ಲಿ ಕೂತಾಗ ಅವಳ ಫೋನು ಸದ್ದು ಮಾಡಿತು. ಆ್ಯಪ್. ನಿಮ್ಮ ಮನೆಯ ಬೆಲೆ ಏರಿದೆ: ಎಪ್ಪತ್ತಾರು ಲಕ್ಷ.

ಇಂದಿಗೆ ಅಕ್ಕನೂ ಮಗಳೂ ಅಮ್ಮನ ಮನೆಗೆ ಬಂದು ಹತ್ತನೇ ದಿನ. ಗೋಡೆ ನಿಂತಿದೆ. ನಾನು ದಿನಾ ಹೋಗಿ ನೋಡಿ ಬರುತ್ತೇನೆ. ನಿನ್ನೆ ಮೇಲಿನ ಗಾಜೂ ಹೋಯಿತು.

ಇವತ್ತು ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಭಾವನ ಜೊತೆ ಫೋನಿನಲ್ಲಿ ಮಾತಾಡಿ ಬಂದು ನನ್ನ ಪಕ್ಕ ಕೂತಳು. ಸ್ವರ ತಗ್ಗಿಸಿದ್ದಳು.

"ಸೋಣದಲ್ಲಿ ಮಾರುವ ಅಂತ ಇವರು ಹೇಳ್ತಾರೆ. ಗೋಡೆಗೆ ಇನ್ನೊಂದು ಕೋಟ್ ಬಣ್ಣ ಹೊಡೆದರೆ ಆಯ್ತು. ಎಪ್ಪತ್ತಾರು ತೋರಿಸ್ತದೆ, ಎಪ್ಪತ್ತೈದಕ್ಕೆ ಕೊಟ್ಟರೂ ನಮಗೆ ನಷ್ಟ ಇಲ್ಲ. ತಗೊಳ್ಳುವವರೂ ಫೋನು ನೋಡಿಯೇ ಬರುವುದಲ್ವಾ? ಆಟಿಯಲ್ಲಿ ಯಾರು ಬಂದು ನೋಡಿದ್ದಾರೆ?"

ಅವಳ ಮಗಳು ಚಾವಡಿಯಲ್ಲಿ ಮಗ್ಗಿ ಹೇಳುತ್ತಿದ್ದಳು. ತೆಗೆದುಕೊಳ್ಳುವವರಿಗೂ ಒಂದು ಮಗು ಇರಬಹುದು, ಹಿಂದಿನ ಕೋಣೆಯಲ್ಲಿ ಅದಕ್ಕೊಂದು ಮಂಚ ಹಾಕಬಹುದು ಎಂದು ನಾನು ಹೇಳಲಿಲ್ಲ. ಅಕ್ಕನಿಗೆ ಅದು ಗೊತ್ತಿರುವುದು ಅವಳ ತಗ್ಗಿದ ಸ್ವರದಲ್ಲೇ ಇತ್ತು. ಅವಳು ಹಾಗೆ ಕೇಳುವಂತಾದದ್ದು ನಾನು ಸರಿ ಉಂಟು ಎಂದದ್ದರಿಂದ.

ಕಪ್ಪು ರಟ್ಟಿನ ಪುಸ್ತಕ ತೆಗೆದೆ. ಸರ್ ಅವರ ಓರೆ ಅಕ್ಷರ ಹೋದ ವರ್ಷದ ಆಟಿಗೆ ನಿಂತಿದೆ. ಅದರ ಕೆಳಗೆ ನನ್ನ ಅಕ್ಷರದಲ್ಲಿ ಬರೆದೆ: ವಾಮಂಜೂರು, ಮನೆಯ ನಂಬರು, ಈ ಆಟಿಯಲ್ಲಿ ಹತ್ತು ದಿನ ನೋಡಿದ್ದು. ನೀರು ಗುಡ್ಡೆಯಿಂದ ಬರುತ್ತದೆ. ಹೋಗುವ ದಾರಿ ಇಲ್ಲ. ಮೂರು ಗಾಜೂ ಒಡೆದಿವೆ.

"ಎಂತ ಬರೀತಿದ್ದಿ?" ಎಂದಳು ಅಕ್ಕ.

ಓದಿ ಹೇಳಿದೆ. ಯಾರು ಬಂದು ಕೇಳಿದರೂ ಇದನ್ನೇ ತೋರಿಸುತ್ತೇನೆ ಎಂದೂ ಹೇಳಿದೆ.

ಅವಳು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಹರಿಯುತ್ತಾಳೆ ಎಂದುಕೊಂಡೆ. ಹರಿಯಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ನಿಧಾನ ಹೋದಳು, ಪುಟದ ಅಂಚಿನವರೆಗೆ. ಹೊರಗೆ ಮಳೆ ಜೋರಾಯಿತು.

"ಬೆಲೆ ಎಲ್ಲಿ ಬರೆದಿದ್ದಿ?"

"ಈ ಪುಸ್ತಕದಲ್ಲಿ ಆ ಕಾಲಂ ಇಲ್ಲ," ಎಂದೆ.